ಕೊಲೊರಾಡೊ ಸೀಮೆಯ ಮರದ ಸರಕುಗಾಡಿಗಳೂ ಅವುಗಳ ಪ್ರತಿಕೃತಿಗಳೂ

ಯಾವ ದೇಶದಲ್ಲಿಯೇ ಆಗಲಿ, ಅರಸನು ಏರಿದ ರಥವು ಉಳಿಯುವುದು. ಆ ಅರಸನ ಕಣಜಕ್ಕೆ ಭತ್ತವನ್ನು ಹೊತ್ತು ತಂದ ಎತ್ತಿನ ಗಾಡಿಯು ಉಳಿಯುವುದಿಲ್ಲ. ರಥಕ್ಕೆ ನೆರಳು ಮಾಡಿ ಕಾಪಾಡುವರು. ಗಾಡಿಯು ಸವೆದ ಮೇಲೆ ಅದರ ನೊಗ ಮೂಕಿಗಳು ಒಲೆಗೆ ಹೋಗುವುವು, ಗಾಲಿಯ ಕಬ್ಬಿಣದ ಪಟ್ಟಿಯು ಕಮ್ಮಾರನ ಕುಲುಮೆಗೆ ಹೋಗುವುದು. ರೈಲ್ವೆಗಳ ಚರಿತ್ರೆಯಲ್ಲಿಯೂ ಹೀಗೆಯೇ ನಡೆದಿದೆ. ಉಗಿಯಂತ್ರವನ್ನು ಬಣ್ಣ ಬಳಿದು ವಸ್ತುಪ್ರದರ್ಶನಶಾಲೆಯಲ್ಲಿ ನಿಲ್ಲಿಸುವರು. ದೊರೆಗಳು ಕುಳಿತ ಡಬ್ಬಿಯನ್ನೂ ಹಾಗೆಯೇ ಇಡುವರು. ಗೂಡ್ಸು ವ್ಯಾಗನ್ ಎಂದು ಜನರು ಕರೆಯುವ ಸರಕುಗಾಡಿಗೆ ಆ ಭಾಗ್ಯವು ದೊರೆಯುವುದು ಅಪರೂಪ. ರೈಲ್ವೆಯ ಆದಾಯದ ಬಹುಭಾಗವನ್ನು ದುಡಿದು ತಂದದ್ದು ಅದೇ ಆದರೂ, ಮುದಿಯಾದೊಡನೆ ಅದನ್ನು ಬೆಂಕಿಗೆ ಹಾಕಿ, ಉರಿದು ಉಳಿದ ಕಬ್ಬಿಣವನ್ನು ತೂಕಕ್ಕೆ ಮಾರುವುದು ಅನೇಕ ಕಂಪೆನಿಗಳಲ್ಲಿ ವಾಡಿಕೆಯಾಗಿತ್ತು.

ಒಂದು ಸೀಮೆಯ ಸರಕುಗಾಡಿಗಳ ವಿಷಯದಲ್ಲಿ ಮಾತ್ರ ಇದಕ್ಕೆ ಸ್ವಲ್ಪ ಅಪವಾದವುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಸೇರಿದ ಕೊಲೊರಾಡೊ ಪ್ರಾಂತ್ಯದ ಬೆಟ್ಟಗಳಲ್ಲಿ, ಮೂರಡಿ ಅಂತರದ ಕಂಬಿಗಳ ಮೇಲೆ, ಮರದ ಸರಕುಗಾಡಿಗಳು ಓಡುತ್ತಿದ್ದವು. ಅವುಗಳ ಕಾಲವು ಮುಗಿಯುತ್ತ ಬಂದಾಗ, ಮುಗಿದ ಮೇಲೆಯೂ, ಕೆಲವರು ಗೃಹಸ್ಥರು ಮೂವತ್ತಡಿಯ ಆ ಗಾಡಿಗಳನ್ನು ಸುಮಾರು ಒಂದೂವರೆ ಅಡಿಗೆ ಇಳಿಸಿ, ಅಂಗಡಿಯ ಆಟಿಕೆಯನ್ನು ಕೊಳ್ಳದೆ, ಒಂದೊಂದು ಹಲಗೆಯನ್ನೂ ತಾವೇ ಕೊಯ್ದು ಪ್ರತಿಕೃತಿಗಳನ್ನು ಕಟ್ಟತೊಡಗಿದರು. ಹಿತ್ತಿಲಿನಲ್ಲಿ ಓಡಿಸಿ ಸಂತೋಷಪಡಬೇಕೆಂಬುದೇ ಅವರ ಉದ್ದೇಶವಾಗಿತ್ತು. ಆದರೆ ಆಟವೆಂದು ತೊಡಗಿದ ಈ ಕೆಲಸವು ಚರಿತ್ರೆಯ ಕೆಲಸವೂ ಆಯಿತು. ಅದು ಹೇಗಾಯಿತೆಂಬುದು ವಿಚಾರಾರ್ಹವಾದುದು.

ಮೊದಲು ಆ ರೈಲ್ವೆಯ ವೃತ್ತಾಂತವನ್ನು ಸಂಕ್ಷೇಪವಾಗಿ ನೋಡಬಹುದು. ಡೆನ್ವರ್ ಅಂಡ್ ರಿಯೋ ಗ್ರಾಂಡೆ ಎಂಬ ಕಂಪೆನಿಯು ೧೮೭೦ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಸ್ಥಾಪಿತವಾಯಿತು. ಅದರ ಮೂಲಪುರುಷನು ವಿಲಿಯಂ ಜಾಕ್ಸನ್ ಪಾಮರ್ ಎಂಬವನು. ಅಮೆರಿಕಾದ ಅಂತರ್ಯುದ್ಧದಲ್ಲಿ ಉತ್ತರ ಪಕ್ಷದ ಸೇನಾನಿಯಾಗಿದ್ದವನು. ಆ ದೇಶದ ಸಾಮಾನ್ಯ ರೈಲುದಾರಿಯ ಕಂಬಿಗಳ ನಡುವಣ ಅಂತರವು ೪ ಅಡಿ ೮½ ಅಂಗುಲ. ಪಾಮರನು ೩ ಅಡಿಯನ್ನು ಆರಿಸಿಕೊಂಡನು. ಕಿರಿದಾದ ದಾರಿಯು ಬೆಟ್ಟದ ಮೈಯನ್ನು ಅನುಸರಿಸಿ ಬಿಗಿಯಾಗಿ ತಿರುಗಬಲ್ಲುದು. ಬಂಡೆಗಳನ್ನು ಕಡಿಯುವ ವೆಚ್ಚವೂ ಕಡಮೆಯಾಗುವುದು. ಗಾಡಿಯು ಚಿಕ್ಕದಾದರೆ ಅದರ ಸ್ವಂತ ತೂಕಕ್ಕೆ ಹೋಲಿಸಿದಾಗ ಹೊರುವ ಸರಕಿನ ತೂಕವು ಹೆಚ್ಚಾಗುವುದೆಂದು ಇಂಗ್ಲೆಂಡಿನಲ್ಲಿ ರಾಬರ್ಟ್ ಫೇರ್ಲಿ ಎಂಬ ಯಂತ್ರಶಿಲ್ಪಿಯು ಆ ಕಾಲದಲ್ಲಿಯೇ ವಾದಿಸುತ್ತಿದ್ದನು. ಭರತಖಂಡದಲ್ಲಿ ಲಾರ್ಡ್ ಮೇಯೋ ಅವರ ಸರಕಾರವು ಮಿತವ್ಯಯಕ್ಕಾಗಿ ಮೀಟರ್‌ಗೇಜನ್ನು ಗೊತ್ತುಮಾಡಿದ್ದೂ ಅದೇ ೧೮೭೦ರಲ್ಲಿಯೇ ಎಂಬುದನ್ನು ಸ್ಮರಿಸಿದರೆ, ಕಿರಿದಾದ ದಾರಿಯ ವಿಚಾರವು ಆಗ ಎಷ್ಟು ದೂರ ಹಬ್ಬಿತ್ತೆಂಬುದು ತಿಳಿಯುವುದು.

೧೮೭೧ರ ಜುಲೈ ತಿಂಗಳಲ್ಲಿ ಡೆನ್ವರಿನಲ್ಲಿ ಕಂಬಿ ಹಾಕಲು ಆರಂಭವಾಗಿ, ಅಕ್ಟೋಬರ್ ವೇಳೆಗೆ ದಾರಿಯು ೭೬ ಮೈಲಿ ದೂರದ ಕೊಲೊರಾಡೊ ಸ್ಪ್ರಿಂಗ್ಸ್ ಊರನ್ನು ಮುಟ್ಟಿತು. ಅಲ್ಲಿಂದ ಮುಂದೆ ಬೆಳ್ಳಿಯ ಗಣಿಗಳ ಆಸೆಯು ದಾರಿಯನ್ನು ಬೆಟ್ಟದಿಂದ ಬೆಟ್ಟಕ್ಕೆ ಎಳೆದುಕೊಂಡು ಹೋಯಿತು. ೧೮೮೨ರಲ್ಲಿ ಅದು ಸಿಲ್ವರ್ಟನ್ ಎಂಬ ಗಣಿಯ ಊರನ್ನು ಸೇರಿತು. ಕಂಬ್ರೆಸ್ ಕಣಿವೆಯಲ್ಲಿ ದಾರಿಯು ಸಮುದ್ರಮಟ್ಟಕ್ಕೆ ೧೦,೦೧೫ ಅಡಿ ಎತ್ತರವನ್ನು ಏರುತ್ತದೆ; ಚಾಮಾ ಊರಿನ ಕಡೆಯಿಂದ ಹತ್ತುವಾಗ ನೂರಡಿಗೆ ನಾಲ್ಕಡಿಯ ಏರು. ಕಾಲಕ್ರಮದಲ್ಲಿ ಮುಖ್ಯ ಮಾರ್ಗಗಳು ಅಗಲವಾದ ಕಂಬಿಗೆ ಮಾರ್ಪಟ್ಟವು. ನೈಋತ್ಯದ ಬೆಟ್ಟಗಳಲ್ಲಿ ಮಾತ್ರ ಮೂರಡಿಯ ದಾರಿಯು ಉಳಿದುಕೊಂಡು, ಅದಿರನ್ನೂ ಕಲ್ಲಿದ್ದಲನ್ನೂ ಮರದ ದಿಮ್ಮಿಗಳನ್ನೂ ಕುರಿದನಗಳನ್ನೂ ಹೊರುತ್ತಲೇ ಇದ್ದಿತು.

ಆ ಗಾಡಿಗಳ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪ್ರತಿಕೃತಿಕಾರನ ಶ್ರಮವೆಲ್ಲವೂ ಅಲ್ಲಿಯೇ ಇರುವುದು. ಗಾಡಿಯ ಬುಡದಲ್ಲಿ ಉದ್ದಕ್ಕೆ ಮರದ ತೊಲೆಗಳು. ಅವುಗಳ ಮೇಲೆ ಹಲಗೆಯ ನೆಲ. ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಗಾಲಿಗಳುಳ್ಳ ಕಬ್ಬಿಣದ ಚೌಕಟ್ಟು. ಮೂವತ್ತಡಿ ಉದ್ದದ ತೊಲೆಯು ತುದಿಗಳಲ್ಲಿ ಮಾತ್ರ ಆಧಾರವನ್ನು ಪಡೆದು ಇಪ್ಪತ್ತೈದು ಟನ್ನು ಭಾರವನ್ನು ಹೊತ್ತರೆ, ನಡುವೆ ಜೋತುಬೀಳುವುದು ಸಹಜ. ಆದಕಾರಣ ತೊಲೆಗಳ ಅಡಿಯಲ್ಲಿ ಈ ತುದಿಯಿಂದ ಆ ತುದಿಗೆ ಕಬ್ಬಿಣದ ಸರಳುಗಳನ್ನು ಹಾಯಿಸಿ, ಮಧ್ಯದಲ್ಲಿ ಮೊಳಕೆಯಂತಹ ಗಿಡ್ಡ ಕಂಬಗಳಿಂದ ಅವನ್ನು ಕೆಳಕ್ಕೆ ಒತ್ತಿ, ತಿರುಪಿನಿಂದ ಬಿಗಿಯುತ್ತಿದ್ದರು. ಬಿಲ್ಲಿನ ಹೆದೆಯನ್ನು ಬಿಗಿದರೆ ದಂಡವು ಹೇಗೆ ಬಾಗುವುದೋ ಹಾಗೆ, ಈ ಸರಳನ್ನು ಬಿಗಿದರೆ ಗಾಡಿಯ ನಡುವು ಮೇಲಕ್ಕೆ ಏಳುವುದು. ಮರವು ಹಳತಾಗಿ ಸಡಿಲವಾದಂತೆಲ್ಲ ಕಾರ್ಖಾನೆಯವರು ತಿರುಪನ್ನು ಇನ್ನೊಂದು ಸುತ್ತು ತಿರುಗಿಸುವರು. ಹೀಗೆ ಮರದ ಗಾಡಿಯು ಒಮ್ಮೆ ಕಟ್ಟಿ ಮುಗಿಸುವ ವಸ್ತುವಾಗಿರದೆ, ವರ್ಷವರ್ಷವೂ ಶ್ರುತಿ ಸೇರಿಸಬೇಕಾದ ವೀಣೆಯಂತಿದ್ದಿತು.

ಗಾಡಿಗಳನ್ನು ಒಂದಕ್ಕೊಂದು ಜೋಡಿಸುವ ಬಗೆಯು ಇನ್ನೂ ಗಮನಾರ್ಹವಾದುದು. ಮೊದಲಿನ ಗಾಡಿಗಳಲ್ಲಿ ಕಬ್ಬಿಣದ ಕೊಂಡಿಯೊಂದನ್ನು ಎರಡು ಗಾಡಿಗಳ ಬಾಯಿಗೂ ತೂರಿಸಿ, ಮೇಲಿನಿಂದ ಕೀಲನ್ನು ಇಳಿಬಿಡುತ್ತಿದ್ದರು. ಗಾಡಿಯು ಬಂದು ತಾಕುವ ಗಳಿಗೆಯಲ್ಲಿ ಕೆಲಸಗಾರನು ನಡುವೆ ನಿಂತು ಕೊಂಡಿಯನ್ನು ಕೈಯಿಂದ ಎತ್ತಿಹಿಡಿಯಬೇಕಾಗಿತ್ತು. ಎಷ್ಟೋ ಜನರು ಬೆರಳುಗಳನ್ನೂ ಕೈಗಳನ್ನೂ ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಬ್ರೇಕು ಹಾಕುವುದಕ್ಕೆ ಓಡುವ ಗಾಡಿಗಳ ಮಾಡಿನ ಮೇಲೆ, ಮಳೆಯಲ್ಲಿಯೂ ಹಿಮದಲ್ಲಿಯೂ, ಒಂದರಿಂದ ಇನ್ನೊಂದಕ್ಕೆ ನಡೆದುಹೋಗಿ ಚಕ್ರವನ್ನು ತಿರುಗಿಸಬೇಕಾಗಿತ್ತು. ಈಲೈ ಜಾನಿ ಎಂಬವನು ತಾನಾಗಿಯೇ ಕಚ್ಚಿಕೊಳ್ಳುವ ಕೊಂಡಿಗೆ ೧೮೭೩ರಲ್ಲಿ ಹಕ್ಕುಪತ್ರವನ್ನು ಪಡೆದನು. ಗಾಳಿಯ ಬ್ರೇಕನ್ನು ಜಾರ್ಜ್ ವೆಸ್ಟಿಂಗ್‌ಹೌಸನು ಅದಕ್ಕೂ ಮೊದಲೇ, ೧೮೬೯ರಲ್ಲಿ, ಕಂಡುಹಿಡಿದಿದ್ದನು. ಹೀಗಿದ್ದರೂ ಇವುಗಳನ್ನು ಕಡ್ಡಾಯ ಮಾಡುವ ಶಾಸನವು ೧೮೯೩ರವರೆಗೆ ಬರಲಿಲ್ಲ. ಕಡಮೆ ಆದಾಯದ ಬೆಟ್ಟದ ದಾರಿಗಳಲ್ಲಿ ಹಳೆಯ ಕೊಂಡಿಯೂ ಕೀಲೂ ಇಪ್ಪತ್ತನೆಯ ಶತಮಾನದ ಹೊಸ್ತಿಲಿನವರೆಗೂ ಉಳಿದುಬಂದವು.

೧೯೦೪ರಲ್ಲಿ ಅಮೆರಿಕನ್ ಕಾರ್ ಅಂಡ್ ಫೌಂಡ್ರಿ ಎಂಬ ಕಾರ್ಖಾನೆಯು ಈ ದಾರಿಗೆ ಮೂವತ್ತಡಿ ಉದ್ದದ ಮುಚ್ಚುಗಾಡಿಗಳನ್ನು ಒದಗಿಸಿತು. ೩೦೦೦ದಿಂದ ಮೊದಲಾಗುವ ಸಂಖ್ಯೆಗಳುಳ್ಳ ಆ ಗಾಡಿಗಳು ರಿಪೇರಿಯಾಗುತ್ತ ಅರ್ಧ ಶತಮಾನಕ್ಕೂ ಮೀರಿ ದುಡಿದವು. ೧೯೫೦ರ ದಶಕದಲ್ಲಿ ಫಾರ್ಮಿಂಗ್ಟನ್ ಪ್ರದೇಶದಲ್ಲಿ ಭೂಮಿಯ ಅನಿಲವು ಹೇರಳವಾಗಿ ದೊರೆತಾಗ, ಅದಕ್ಕೆ ಬೇಕಾದ ಕೊಳವೆಗಳನ್ನು ಹೊತ್ತದ್ದು ಈ ಮುದಿ ದಾರಿಯೇ. ಅದು ಆರುವ ದೀಪದ ಕೊನೆಯ ಬೆಳಕಾಯಿತು. ೧೯೬೮ರಲ್ಲಿ ಸರಕಿನ ಸಂಚಾರವು ನಿಂತಿತು. ೧೯೭೦ರಲ್ಲಿ ಕೊಲೊರಾಡೊ ಮತ್ತು ನ್ಯೂ ಮೆಕ್ಸಿಕೊ ಪ್ರಾಂತ್ಯಗಳು ಕಂಬ್ರೆಸ್ ಕಣಿವೆಯ ೬೪ ಮೈಲಿ ದಾರಿಯನ್ನು ಕೂಡಿ ಕೊಂಡು ಉಳಿಸಿದವು. ಸಿಲ್ವರ್ಟನ್ನಿನ ದಾರಿಯೂ ಪ್ರಯಾಣಿಕರಿಗಾಗಿ ಉಳಿಯಿತು. ನಡುವಣ ದಾರಿಯ ಕಂಬಿಗಳನ್ನು ಕಿತ್ತುಹಾಕಿದರು. ೧೯೦೪ರ ತಲೆಮಾರಿನ ಗಾಡಿಗಳಲ್ಲಿ ಕೆಲವು ಈ ಕಾರಣದಿಂದ ಉಳಿದವು. ೧೮೭೦ ಮತ್ತು ೧೮೮೦ರ ದಶಕಗಳ ಮೊದಲ ತಲೆಮಾರಿನ ಗಾಡಿಗಳಾದರೋ ಅದಕ್ಕೆ ಬಹುಮುಂಚೆಯೇ ಬಹುಮಟ್ಟಿಗೆ ಅಳಿದುಹೋಗಿದ್ದವು.

ಇನ್ನು ಪ್ರತಿಕೃತಿಗಳ ಕಡೆಗೆ ತಿರುಗಬಹುದು. ಜರ್ಮನಿಯ ಮೆರ್ಕ್ಲಿನ್ ಕಂಪೆನಿಯವರು ೧೮೯೧ರಲ್ಲಿ ಲೈಪ್‌ಸಿಗ್ ನಗರದ ಜಾತ್ರೆಯಲ್ಲಿ ಆಟಿಕೆಯ ರೈಲುಗಳನ್ನು ಕಂಬಿಗಳ ಅಂತರಕ್ಕೆ ಅನುಸಾರವಾಗಿ ಸಂಖ್ಯೆಗಳಿಂದ ವಿಂಗಡಿಸಿ ಮಾರಲು ತಂದರು. ಅವುಗಳಲ್ಲಿ ಒಂದನೆಯ ಸಂಖ್ಯೆಯ ಅಂತರವು ಮುಂದೆ ೪೫ ಮಿಲಿಮೀಟರ್ ಎಂದು ನೆಲೆಗೊಂಡಿತು. ೧೯೬೮ರಲ್ಲಿ, ಎಂದರೆ ಕೊಲೊರಾಡೊ ದಾರಿಯಲ್ಲಿ ಸರಕು ನಿಂತ ವರ್ಷವೇ, ನ್ಯೂರೆಂಬರ್ಗಿನ ಲೇಮನ್ ಕಂಪೆನಿಯವರು ಎಲ್‌ಜಿಬಿ ಎಂಬ ಹೆಸರಿನಿಂದ, ಅದೇ ೪೫ ಮಿಲಿಮೀಟರ್ ಕಂಬಿಯ ಮೇಲೆ, ಮಳೆಬಿಸಿಲುಗಳನ್ನು ತಾಳಿ ತೋಟದಲ್ಲಿ ಓಡಬಲ್ಲ ನ್ಯಾರೋಗೇಜು ಗಾಡಿಗಳನ್ನು ಹೊರತಂದರು. ಹಿತ್ತಿಲಿನ ರೈಲುಗಳು ಹರಡಿದ್ದು ಇದರಿಂದ.

ಇಲ್ಲಿ ಒಂದು ಲೆಕ್ಕದ ತೊಡಕು ಹುಟ್ಟಿತು. ಕಂಬಿಯ ಅಂತರವು ಯಾವಾಗಲೂ ೪೫ ಮಿಲಿಮೀಟರ್. ಅದು ಸೂಚಿಸಬೇಕಾದ ನಿಜವಾದ ದಾರಿಯು ಮಾತ್ರ ಬೇರೆ ಬೇರೆ. ತ್ರೈರಾಶಿಕವನ್ನು ಹಚ್ಚಿದರೆ ಎಲ್ಲವೂ ತಿಳಿಯುವುದು. ೪ ಅಡಿ ೮½ ಅಂಗುಲದ ದಾರಿಗೆ ೩೨ರಲ್ಲಿ ಒಂದು ಪಾಲು. ಮೀಟರ್ ದಾರಿಗೆ ಸುಮಾರು ೨೨ರಲ್ಲಿ ಒಂದು ಪಾಲು. ಮೂರಡಿಯ ದಾರಿಗೆ ೨೦.೩ರಲ್ಲಿ ಒಂದು ಪಾಲು. ಲೇಮನ್ನರ ಪ್ರಮಾಣವು ಮೀಟರ್ ದಾರಿಗೆ ಹೊಂದುವಂತೆ ೨೨.೫ರಲ್ಲಿ ಒಂದಾಗಿತ್ತು. ಅಡಿಗೆ ಅರ್ಧ ಅಂಗುಲವೆಂಬ ಸುಲಭವಾದ ಪ್ರಮಾಣವನ್ನು, ಎಂದರೆ ೨೪ರಲ್ಲಿ ಒಂದನ್ನು, ಅಮೆರಿಕಾದಲ್ಲಿ ಅನೇಕರು ಹಿಡಿದರು. ಆ ಪ್ರಮಾಣದಲ್ಲಿ ಮೂರಡಿಗೆ ೩೮ ಮಿಲಿಮೀಟರ್ ಸಾಕು. ೪೫ರ ಕಂಬಿಯ ಮೇಲೆ ನಿಂತ ಗಾಡಿಯು ಕಾಲುಗಳನ್ನು ಅಗಲಿಸಿ ನಿಂತವನಂತೆ ತೋರುವುದು. ನಿಜವಾದ ಗಾಡಿಯ ಲೆಕ್ಕದಲ್ಲಿ ಅದು ಆರೂವರೆ ಅಂಗುಲದ ಸುಳ್ಳು. ಇದನ್ನು ಸಹಿಸಲಾರದವರು ೨೦.೩ರ ಪ್ರಮಾಣವನ್ನು ಹಿಡಿದರು. ಅದರಲ್ಲಿ ಒಂದಡಿಗೆ ೧೫ ಮಿಲಿಮೀಟರ್, ಒಂದಂಗುಲಕ್ಕೆ ೧.೨೫ ಮಿಲಿಮೀಟರ್. ಮೂವತ್ತಡಿಯ ಗಾಡಿಯು ೪೫೦ ಮಿಲಿಮೀಟರ್ ಆಗುವುದು. ಆರಂಗುಲದ ಹಲಗೆಯು ೭.೫ ಆಗುವುದು, ೨೬ ಅಂಗುಲದ ಗಾಲಿಯು ೩೨.೫ ಆಗುವುದು.

ಆದರೆ ಈ ಪ್ರಮಾಣವನ್ನು ಹಿಡಿದವನಿಗೆ ಬೇಕಾದ ಗಾಡಿಯು ಅಂಗಡಿಯಲ್ಲಿ ಬಹುಕಾಲ ದೊರೆಯಲಿಲ್ಲ. ದೊರೆತದ್ದಾದರೂ ಒಂದೇ ಅಚ್ಚಿನ ಗಾಡಿಗೆ ಹತ್ತು ಕಂಪೆನಿಗಳ ಹೆಸರು ಬರೆದದ್ದಾಗಿತ್ತು. ಆದಕಾರಣ ತಾನೇ ಮೂಲದಿಂದ ಕಟ್ಟಬೇಕಾಯಿತು. ಕಟ್ಟಬೇಕಾದರೆ ಅಳತೆ ಬೇಕು. ಮೂಲವೇ ಇಲ್ಲದ ಗಾಡಿಯ ಅಳತೆಯನ್ನು ಎಲ್ಲಿಂದ ತರುವುದು? ಸಂಸ್ಕೃತದಲ್ಲಿ ಪ್ರಮಾಣವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು: ಅಳತೆಯೂ ಪ್ರಮಾಣವೇ, ಯಥಾರ್ಥಜ್ಞಾನದ ಸಾಧನವೂ ಪ್ರಮಾಣವೇ. ಈ ಕೆಲಸದಲ್ಲಿ ಆ ಎರಡು ಅರ್ಥಗಳೂ ಒಂದಾದವು. ನೈಯಾಯಿಕರು ಹೇಳುವ ನಾಲ್ಕು ಪ್ರಮಾಣಗಳನ್ನೂ ಪ್ರತಿಕೃತಿಕಾರರು, ಆ ಹೆಸರುಗಳನ್ನು ಅರಿಯದೆಯೇ, ಪ್ರಯೋಗಿಸಬೇಕಾಯಿತು.

ಮೊದಲನೆಯದು ಪ್ರತ್ಯಕ್ಷ. ಗಾಲಿಗಳನ್ನು ಕಳಚಿ ಮಾರಿದ ಗಾಡಿಗಳ ಮೈಗಳು ಹಳ್ಳಿಗಳಲ್ಲಿ ಕೊಟ್ಟಿಗೆಗಳಾಗಿಯೂ ಉಗ್ರಾಣಗಳಾಗಿಯೂ ನಿಂತಿದ್ದವು. ಅಳತೆಪಟ್ಟಿಯನ್ನು ಹಿಡಿದು ಅವುಗಳ ಒಳಗೆ ನುಗ್ಗಿ, ತೊಲೆಗಳ ಕೂಡುಗಳನ್ನೂ ಬೋಲ್ಟುಗಳ ಸ್ಥಾನಗಳನ್ನೂ ಬರೆದುಕೊಂಡವರುಂಟು. ಕೊಲೊರಾಡೊದ ಗೋಲ್ಡನ್ ಊರಿನಲ್ಲಿ ೧೯೫೯ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಪ್ರದರ್ಶನಶಾಲೆಯೂ ಇಂತಹವರಿಗೆ ಆಶ್ರಯವಾಯಿತು. ಎರಡನೆಯದು ಅನುಮಾನ. ವಿಲಿಯಂ ಹೆನ್ರಿ ಜಾಕ್ಸನ್ ಎಂಬ ಛಾಯಾಗ್ರಾಹಕನು ಡೆನ್ವರಿನಲ್ಲಿ ನೆಲಸಿ ಈ ದಾರಿಯ ಚಿತ್ರಗಳನ್ನು ದೊಡ್ಡ ಗಾಜಿನ ಫಲಕಗಳ ಮೇಲೆ ತೆಗೆದಿದ್ದನು. ಅಂತಹ ಚಿತ್ರದಲ್ಲಿ ಗಾಲಿಯ ವ್ಯಾಸವು ತಿಳಿದಿದ್ದರೆ, ಅದರಿಂದ ಬಾಗಿಲಿನ ಅಗಲವನ್ನು ಊಹಿಸಬಹುದು. ಹೊಗೆಯಿಂದ ಬೆಂಕಿಯನ್ನು ಊಹಿಸಿದ ಹಾಗೆ. ಮೂರನೆಯದು ಉಪಮಾನ. ಅದೇ ಕಾರ್ಖಾನೆಯು ಬೇರೆ ಕಂಪೆನಿಗೆ ಕಟ್ಟಿಕೊಟ್ಟ ಗಾಡಿಯು ಉಳಿದಿದ್ದರೆ, ಅಳಿದ ಗಾಡಿಯನ್ನು ಅದರ ಸಾದೃಶ್ಯದಿಂದ ಅರಿಯಬಹುದು.

ನಾಲ್ಕನೆಯದು ಶಬ್ದ. ಕಂಪೆನಿಯು ತನ್ನ ಗಾಡಿಗಳ ಅಳತೆಗಳನ್ನು ಬರೆದಿಟ್ಟ ನಕ್ಷೆಯ ಹಾಳೆಗಳು ಇದಕ್ಕೆ ಆಧಾರ. ಇವುಗಳಿಗಿಂತ ವ್ಯಾಪಕವಾದ ಆಧಾರವೂ ಒಂದುಂಟು. ಗಾಡಿಗಳನ್ನು ಕಟ್ಟುವ ಪ್ರಧಾನ ಶಿಲ್ಪಿಗಳ ಸಂಘದವರು ತಮ್ಮ ಕಸುಬಿನ ಶಬ್ದಗಳಿಗೆ ನಿಘಂಟೊಂದನ್ನು ೧೮೭೯ರಲ್ಲಿ ಪ್ರಕಟಿಸಿದರು. ಮ್ಯಾಥಯಸ್ ಫೋರ್ನಿ ಎಂಬವನು ಅದನ್ನು ಸಂಕಲಿಸಿದನು. ಒಂದೇ ಅಂಗವನ್ನು ಒಂದೊಂದು ಕಾರ್ಖಾನೆಯವರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದುದರಿಂದ, ಒಬ್ಬರ ಗಾಡಿಯನ್ನು ಇನ್ನೊಬ್ಬರು ರಿಪೇರಿ ಮಾಡುವಾಗ ಬೇಡಿದ್ದೊಂದು ಬರುವುದೊಂದು ಆಗುತ್ತಿತ್ತು. ಆ ಗೊಂದಲವನ್ನು ಕಳೆಯಲು ಹುಟ್ಟಿದ ನಿಘಂಟು ಅದು. ಚಿತ್ರಸಹಿತವಾದ ಆ ಗ್ರಂಥವೇ, ಗಾಡಿಗಳು ಹೋದ ಮೇಲೆ, ಗಾಡಿಗಳಿಗೆ ಸಾಕ್ಷಿಯಾಯಿತು. ಹೆಸರು ಉಳಿದರೆ ವಸ್ತುವಿನ ದಾರಿಯೂ ಉಳಿಯುವುದೆಂಬುದಕ್ಕೆ ಇದೊಂದು ನಿದರ್ಶನ.

ಅಳತೆ ದೊರೆತ ಮೇಲೆ ಕೈಯ ಕೆಲಸ. ವಸ್ತುವನ್ನು ಚಿಕ್ಕದು ಮಾಡಬಹುದೇ ಹೊರತು ಮರದ ಎಳೆಯನ್ನು ಚಿಕ್ಕದು ಮಾಡಲಾಗದು. ಒರಟು ಎಳೆಯ ಮರದಿಂದ ಕೊಯ್ದ ಪಟ್ಟಿಯು ಪ್ರತಿಕೃತಿಯಲ್ಲಿ ಬಿರುಕುಬಿಟ್ಟ ದಿಮ್ಮಿಯಂತೆ ಕಾಣುವುದು. ಆದುದರಿಂದ ನಯವಾದ ಎಳೆಯುಳ್ಳ ಬಾಸ್‌ವುಡ್ ಮೊದಲಾದ ಮರಗಳನ್ನು ಆರಿಸುವರು. ತೂಕದ ನ್ಯಾಯವೂ ಬೇರೆ. ಉದ್ದವು ೨೦.೩ರಲ್ಲಿ ಒಂದಾದರೆ, ತೂಕವು ಆ ಸಂಖ್ಯೆಯ ಘನದಂತೆ ಸುಮಾರು ೮,೪೦೦ರಲ್ಲಿ ಒಂದಾಗುವುದು. ಹತ್ತು ಟನ್ನಿನ ಗಾಡಿಯ ಪ್ರತಿಕೃತಿಗೆ ಒಂದು ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು ತೂಕ ಬರುವುದು. ಶಕ್ತಿಯಾದರೋ ಅಷ್ಟು ಕುಂದುವುದಿಲ್ಲ. ಅಂದರೆ ನಿಜವಾದ ಗಾಡಿಗೆ ಪ್ರಾಣಾಧಾರವಾದ ಬಿಗಿಸರಳುಗಳು ಪ್ರತಿಕೃತಿಗೆ ಬೇಕಾಗಿಯೇ ಇಲ್ಲ. ಅವನ್ನು ಕಿತ್ತುಹಾಕಿದರೂ ತೊಲೆಯು ಕೂದಲೆಳೆಯಷ್ಟೂ ಬಾಗುವುದಿಲ್ಲ. ಆದರೂ ನಿಷ್ಠನಾದ ಪ್ರತಿಕೃತಿಕಾರನು ಅವನ್ನು ಹಾಕುವನು, ತಿರುಪುಗಳನ್ನೂ ಜೋಡಿಸುವನು. ಕಣ್ಣಿಗೆ ಬೀಳದ ಬುಡದಲ್ಲಿ ಬ್ರೇಕಿನ ಸನ್ನೆಗೋಲುಗಳನ್ನೂ ಕೂಡಿಸುವನು.

ಇದು ವ್ಯರ್ಥಶ್ರಮವಲ್ಲವೇ ಎಂದು ಕೇಳಬಹುದು. ಉತ್ತರವು ಆ ಶ್ರಮದಲ್ಲಿಯೇ ಇದೆ. ಪುಸ್ತಕದಲ್ಲಿ ಓದುವವನು ‘ಬ್ರೇಕು ಇದ್ದಿತು’ ಎಂಬ ಎರಡು ಮಾತುಗಳಿಂದ ತೃಪ್ತನಾಗಬಹುದು. ಕಟ್ಟುವವನು ಹಾಗೆ ತೃಪ್ತನಾಗಲಾರನು. ಆ ಸನ್ನೆಗೋಲು ಯಾವ ಬೋಲ್ಟಿನ ಮೇಲೆ ತಿರುಗಿತು, ಸರಪಣಿಯು ತೊಲೆಯ ಯಾವ ಪಕ್ಕದಲ್ಲಿ ಹಾದುಹೋಯಿತು ಎಂಬುದು ತಿಳಿಯದೆ ಅವನ ಕೈ ಮುಂದೆ ಸಾಗದು. ೧೮೮೦ರ ಗಾಡಿಯನ್ನು ಕಟ್ಟುವವನು ಜಾನಿಯ ಕೊಂಡಿಯನ್ನು ಹಾಕಿದರೆ ಕಾಲದೋಷವಾಗುವುದು. ಹಳೆಯ ಕೊಂಡಿಯನ್ನೂ ಕೀಲನ್ನೂ ಹಾಕಿ ಎರಡು ಗಾಡಿಗಳನ್ನು ಒತ್ತಿ ನಿಲ್ಲಿಸಿದಾಗ, ನಡುವೆ ಉಳಿಯುವ ಎಡೆಯು ಎಷ್ಟು ಕಿರಿದೆಂಬುದು ಅವನಿಗೆ ಕಾಣುವುದು. ಆ ಎಡೆಯಲ್ಲಿ ಒಬ್ಬ ಮನುಷ್ಯನು ನಿಲ್ಲುತ್ತಿದ್ದನು. ಶಾಸನವು ಯಾಕೆ ಬೇಕಾಯಿತೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಪ್ರತಿಕೃತಿಗೆ ಒಂದು ದೊಡ್ಡ ಅಪಾಯವೂ ಉಂಟು. ಅಳೆದು ಕಟ್ಟಿದ ಅಂಗವೂ ಊಹಿಸಿ ಕಟ್ಟಿದ ಅಂಗವೂ ಬಣ್ಣ ಬಳಿದ ಮೇಲೆ ಸಮಾನವಾಗಿ ಸತ್ಯವೆಂದು ತೋರುವುವು. ಗ್ರಂಥಸಂಪಾದಕನು ತಾಳೆಗರಿಯಲ್ಲಿ ಹುಳು ತಿಂದ ಎಡೆಯನ್ನು ತನ್ನ ಮಾತಿನಿಂದ ತುಂಬಿ ಹೇಳದೆ ಬಿಟ್ಟ ಹಾಗೆ ಅದು. ಈ ದೋಷವನ್ನು ತಡೆಯಲು ಆ ಕಲೆಯವರೇ ಒಂದು ಕಟ್ಟಳೆಯನ್ನು ಮಾಡಿಕೊಂಡಿದ್ದಾರೆ. ೧೯೩೫ರಲ್ಲಿ ಸ್ಥಾಪಿತವಾದ ಅಮೆರಿಕಾದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಎಂಬ ಸಂಘದಲ್ಲಿ ಪ್ರತಿಕೃತಿಗಳನ್ನು ಪರೀಕ್ಷಿಸಿ ೧೨೫ಕ್ಕೆ ಅಂಕಗಳನ್ನು ಕೊಡುವರು. ಸ್ವಹಸ್ತದಿಂದ ಮೂಲದಿಂದ ಕಟ್ಟಿದ್ದಕ್ಕೆ ೧೫ ಅಂಕ. ಮೂಲಕ್ಕೆ ಹೊಂದಿಕೆಯಾಗಿದೆ ಎಂಬುದಕ್ಕೆ ೨೫ ಅಂಕ. ಈ ೨೫ನ್ನು ಪಡೆಯಬೇಕಾದರೆ ನಕ್ಷೆ, ಛಾಯಾಚಿತ್ರ ಮೊದಲಾದ ಆಧಾರಗಳನ್ನು ಮುಂದಿಡಬೇಕು. ಕೈಚಳಕದೊಡನೆ ಸಾಕ್ಷ್ಯಕ್ಕೂ ಬೆಲೆಯುಂಟು ಎಂಬುದನ್ನು ಚರಿತ್ರಕಾರರೂ ಇದರಿಂದ ನೆನೆಯಬಹುದು.

ಇಂತಹ ಆಸಕ್ತರಿಗಾಗಿಯೇ ಕ್ಯಾಲಿಫೋರ್ನಿಯಾದಿಂದ ೧೯೭೫ರಲ್ಲಿ ನ್ಯಾರೋಗೇಜಿಗೆ ಮೀಸಲಾದ ಪತ್ರಿಕೆಯೊಂದು ಹೊರಟು, ಅಳಿದ ಗಾಡಿಗಳ ಅಳತೆಯ ನಕ್ಷೆಗಳನ್ನು ಸಂಚಿಕೆಯಿಂದ ಸಂಚಿಕೆಗೆ ಪ್ರಕಟಿಸಿತು. ೧೯೮೮ರಲ್ಲಿ ಕಂಬ್ರೆಸ್ ದಾರಿಯ ಮಿತ್ರರ ಸಂಘವೊಂದು ಹುಟ್ಟಿತು. ಅದರ ಸದಸ್ಯರು ಸಂಬಳವಿಲ್ಲದೆ ಬಂದು ನಿಜವಾದ ಮರದ ಗಾಡಿಗಳ ಕೊಳೆತ ತೊಲೆಗಳನ್ನು ತೆಗೆದು ಹೊಸವನ್ನು ಕೂಡಿಸುತ್ತ ಬಂದಿದ್ದಾರೆ. ಚಿಕ್ಕ ಗಾಡಿಯನ್ನು ಕಟ್ಟಲು ಬೇಕಾದ ಜ್ಞಾನವೂ ದೊಡ್ಡ ಗಾಡಿಯನ್ನು ಉಳಿಸಲು ಬೇಕಾದ ಜ್ಞಾನವೂ ಒಂದೇ.

ನಮ್ಮ ನಾಡಿಗೂ ಇದು ಕೇವಲ ದೂರದ ಕಥೆಯಲ್ಲ. ಬೆಂಗಳೂರಿನಿಂದ ಮೈಸೂರಿಗೆ ೧೮೮೨ರಲ್ಲಿ ಪೂರ್ಣವಾದ ದಾರಿಯು ಮೀಟರ್‌ಗೇಜು. ಅದು ೧೯೯೦ರ ದಶಕದಲ್ಲಿ ಅಗಲವಾದ ದಾರಿಯಾಯಿತು. ಚಿಕ್ಕಬಳ್ಳಾಪುರಕ್ಕೆ ಹಿಂದೆ ಎರಡೂವರೆ ಅಡಿಯ ದಾರಿಯಿದ್ದಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿಯದು. ೧೯೭೯ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲ್ವೆ ವಸ್ತುಪ್ರದರ್ಶನಶಾಲೆಯಲ್ಲಿ ಯಂತ್ರಗಳನ್ನೂ ಮಹಾರಾಣಿಯವರ ಡಬ್ಬಿಯನ್ನೂ ಕಾಣಬಹುದು. ಅವುಗಳ ಹಿಂದೆ ಕಬ್ಬನ್ನೂ ಮರವನ್ನೂ ಗೊಬ್ಬರವನ್ನೂ ಹೊತ್ತು ಬಂದ ಗಾಡಿಗಳ ಅಳತೆಯು ಯಾರದಾದರೂ ಮನೆಯ ಕಡತದಲ್ಲಿದ್ದರೆ, ಹಳೆಯ ಕಾರ್ಖಾನೆಯ ನೌಕರರ ನೆನಪಿನಲ್ಲಿದ್ದರೆ, ಅದನ್ನು ಬರೆದಿಡುವ ಕಾಲವು ಇದೇ. ತ್ರೈರಾಶಿಕವು ಎಲ್ಲರಿಗೂ ಬರುವುದು: ೪೫ ಮಿಲಿಮೀಟರ್ ಕಂಬಿಗೆ ಮೀಟರ್ ದಾರಿಯಾದರೆ ೨೨ರಲ್ಲಿ ಒಂದು, ಎರಡೂವರೆ ಅಡಿಯಾದರೆ ೧೭ರಲ್ಲಿ ಒಂದು. ಗಾಡಿಯನ್ನು ಮುಂದೆ ಯಾರು ಬೇಕಾದರೂ ಕಟ್ಟಬಹುದು. ಅಳತೆಯನ್ನು ಮಾತ್ರ ವಸ್ತುವ ಇರುವಾಗಲೇ ತೆಗೆದಿಡಬೇಕು.